ಕಾಶ್ಯಪ ಗೋತ್ರದ ಸಾಫ್ಟ್‌ವೇರ್

ಪೂಜೆಗೆ ಕುಳಿತವರನ್ನು ಸಂಕಲ್ಪದ ಹೊತ್ತಿಗೆ ಪುರೋಹಿತರು ಕೇಳುವ ಪ್ರಶ್ನೆಗಳು ಬಹಳವಿಲ್ಲ. ಹೆಸರು, ನಕ್ಷತ್ರ, ರಾಶಿ, ಗೋತ್ರ. ಹೆಸರು ಎಲ್ಲರಿಗೂ ಗೊತ್ತು. ನಕ್ಷತ್ರ ಕೆಲವರಿಗೆ ನೆನಪಿರುತ್ತದೆ. ಗೋತ್ರದ ಹತ್ತಿರ ಬಂದಾಗ ಅನೇಕರು ತಡವರಿಸುತ್ತಾರೆ, ಪಕ್ಕದಲ್ಲಿ ಕುಳಿತ ಹಿರಿಯರ ಮುಖ ನೋಡುತ್ತಾರೆ. ಇಂಥ ಗಳಿಗೆಗೆಂದೇ ಸಂಪ್ರದಾಯ ಒಂದು ದಾರಿ ಮಾಡಿಟ್ಟಿದೆ: ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ. ಪುರೋಹಿತರು ಹಾಗೆಂದು ಹೇಳಿಕೊಂಡು ಮುಂದಿನ ಮಂತ್ರಕ್ಕೆ ಹೋಗುತ್ತಾರೆ. ಪೂಜೆ ನಿಲ್ಲುವುದಿಲ್ಲ, ಬಂದವರನ್ನು ಹಿಂದೆ ಕಳಿಸುವುದೂ ಇಲ್ಲ.

ಸಾಫ್ಟ್‌ವೇರ್ ಬರೆಯುವವರ ಭಾಷೆಯಲ್ಲಿ ಇದರ ಹೆಸರು ‘ಡೀಫಾಲ್ಟ್ ವ್ಯಾಲ್ಯೂ’. ಕೇಳಿದ್ದು ಸಿಗದಿದ್ದರೆ ತುಂಬಿಕೊಳ್ಳಲು ಮೊದಲೇ ಗೊತ್ತುಮಾಡಿಟ್ಟ ಉತ್ತರ. ಪುರೋಹಿತರ ಬಾಯಲ್ಲಿ ಅದು ಸೌಜನ್ಯ. ಸರ್ವರಿನ ಹೊಟ್ಟೆಯೊಳಗೆ ಅದೇ ಉಪಾಯ ಹಲವು ಸಲ ಸುಳ್ಳಾಗುತ್ತದೆ, ಮತ್ತು ಆ ಸುಳ್ಳಿನ ಬೆಲೆಯನ್ನು ಸಾಫ್ಟ್‌ವೇರ್ ಬರೆದವರು ತೆರುವುದಿಲ್ಲ. ಅರ್ಜಿ ತುಂಬಿದವರು ತೆರುತ್ತಾರೆ.

ಚೆಂಬೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮುಂಬಯಿಯ ಹಾರ್ಬರ್ ಲೈನಿನ ಈ ಉಪನಗರದಲ್ಲಿ ಕನ್ನಡದ ವಾಸ ಹಳೆಯದು. ಇಲ್ಲಿ ಚೆಂಬೂರು ಕರ್ನಾಟಕ ಸಂಘವಿದೆ, ಅದರ ಶಾಲೆಯಿದೆ. ಛೇಡಾ ನಗರದಲ್ಲಿ ಸುಬ್ರಹ್ಮಣ್ಯ ಮಠವಿದೆ. ಉಡುಪಿ ಹೋಟೆಲುಗಳಂತೂ ಇದ್ದೇ ಇವೆ. ಇಂಥ ಊರಿನಲ್ಲಿ ಯಾವುದೋ ಒಂದು ಸಣ್ಣ ಸಂಸ್ಥೆ ತನ್ನ ಸೇವೆ, ದೇಣಿಗೆ, ಸದಸ್ಯತ್ವಗಳನ್ನೆಲ್ಲ ಆನ್‌ಲೈನಿಗೆ ತಂದಿದೆ ಎಂದಿಟ್ಟುಕೊಳ್ಳಿ. ಇದು ಕಲ್ಪಿತ ಸಂಸ್ಥೆ. ಆದರೆ ದೇಶದ ತುಂಬ ಇಂಥವು ಸಾವಿರಾರು. ರಸೀದಿ ಪುಸ್ತಕ ಹಿಡಿದು ಕೂರುತ್ತಿದ್ದ ಗುಮಾಸ್ತರ ಜಾಗಕ್ಕೆ ಈಗ ಒಂದು ಕ್ಯೂಆರ್ ಕೋಡ್ ಬಂದಿದೆ. ಆ ಕೋಡಿನ ಹಿಂದೆ ಕೆಲಸ ಮಾಡುವುದು ವೆಬ್‌ಹುಕ್.

ಬಾಗಿಲು ತಟ್ಟಿ ಹೇಳುವ ಸುದ್ದಿ

ವೆಬ್‌ಹುಕ್ ಎಂದರೆ ಹೇಳಿ ಕಳಿಸುವ ಏರ್ಪಾಟು. ಹಣ ಬಂತೇ, ಹಣ ಬಂತೇ ಎಂದು ಸಂಸ್ಥೆಯ ಸರ್ವರ್ ನಿಮಿಷಕ್ಕೊಮ್ಮೆ ಪಾವತಿ ಕಂಪನಿಯನ್ನು ಕೇಳುತ್ತ ಕೂರುವ ಬದಲು, ಹಣ ಬಂದ ಕೂಡಲೇ ಪಾವತಿ ಕಂಪನಿಯ ಸರ್ವರ್ ತಾನೇ ಬಂದು ಸಂಸ್ಥೆಯ ಸರ್ವರಿನ ಬಾಗಿಲು ತಟ್ಟಿ ಸುದ್ದಿ ಮುಟ್ಟಿಸುತ್ತದೆ. ಈ ಹೆಸರನ್ನು 2007ರಲ್ಲಿ ಬಳಕೆಗೆ ತಂದವರು ಜೆಫ್ ಲಿಂಡ್ಸೆ ಎಂಬ ಪ್ರೋಗ್ರಾಮರ್. ಇಂದು ಪಾವತಿ, ಕೊರಿಯರ್, ಊಟದ ಆರ್ಡರ್, ಅರ್ಜಿ ನಮೂನೆ, ವಾಟ್ಸಾಪ್ ಸಂದೇಶ ಎಲ್ಲವೂ ಹೀಗೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುತ್ತವೆ.

ಸುದ್ದಿ ಬರುವುದು ಸಾಮಾನ್ಯವಾಗಿ ಜೇಸನ್ ಎಂಬ ರೂಪದಲ್ಲಿ: ಪ್ರತಿ ಸಂಗತಿಗೂ ಒಂದು ಹೆಸರು, ಅದರ ಮುಂದೆ ಒಂದು ಬೆಲೆ. ಮೊತ್ತ ಇಷ್ಟು, ವಿಧಾನ ಯುಪಿಐ, ಸಮಯ ಇಂಥದ್ದು. ಮೊತ್ತ ಪೈಸೆಯಲ್ಲಿ ಬರುವುದು ರೂಢಿ. ಐನೂರು ರೂಪಾಯಿ 50000 ಎಂದು ಬರುತ್ತದೆ. ರೇಜರ್‌ಪೇಯಂಥ ಕಂಪನಿಯ ದಾಖಲೆಗಳಲ್ಲಿರುವ ಮಾದರಿ ಸಂದೇಶ ನೋಡಿದರೆ ಒಂದು ಸಂಗತಿ ತಟ್ಟನೆ ಕಾಣುತ್ತದೆ: ಅರ್ಧದಷ್ಟು ಜಾಗಗಳು ಖಾಲಿ. ಯುಪಿಐ ಮೂಲಕ ಹಣ ಕೊಟ್ಟರೆ ಕಾರ್ಡಿನ ಜಾಗ ಖಾಲಿ, ಬ್ಯಾಂಕಿನ ಜಾಗ ಖಾಲಿ, ವ್ಯಾಲೆಟ್ಟಿನ ಜಾಗ ಖಾಲಿ. ಕಾರ್ಡಿನಲ್ಲಿ ಕೊಟ್ಟರೆ ಯುಪಿಐ ವಿಳಾಸದ ಜಾಗ ಖಾಲಿ. ಇದು ದೋಷವಲ್ಲ. ಲೋಕ ಇರುವುದೇ ಹಾಗೆ. ಎಲ್ಲ ಜಾಗಗಳೂ ತುಂಬಿದ ಸಂದೇಶ ಪರೀಕ್ಷೆಗೆಂದು ಪ್ರೋಗ್ರಾಮರ್ ತಾನೇ ಬರೆದುಕೊಂಡ ಸಂದೇಶದಲ್ಲಿ ಮಾತ್ರ ಸಿಗುತ್ತದೆ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ಸಾಫ್ಟ್‌ವೇರ್ ಬರೆದವರು ತಮ್ಮ ಹೆಸರು, ತಮ್ಮ ಅಡ್ಡಹೆಸರು, ತಮ್ಮ ಇಮೇಲ್, ತಮ್ಮ ಪಿನ್ ಕೋಡ್ 400071 ಹಾಕಿ ಪರೀಕ್ಷಿಸಿರುತ್ತಾರೆ. ಎಲ್ಲ ಸರಿಯಾಗಿ ನಡೆಯುತ್ತದೆ. ಮೊದಲ ದಿನ ಅಡ್ಡಹೆಸರಿಲ್ಲದ ಒಬ್ಬರು ದೇಣಿಗೆ ಕೊಡುತ್ತಾರೆ. ಸರ್ವರ್ ಅಡ್ಡಹೆಸರಿನ ಜಾಗಕ್ಕೆ ಕೈಹಾಕುತ್ತದೆ, ಅಲ್ಲಿ ಏನೂ ಇಲ್ಲ, ಪ್ರೋಗ್ರಾಂ ಮುಗ್ಗರಿಸುತ್ತದೆ. ಹಣ ಖಾತೆಗೆ ಬಂದಿದೆ, ರಸೀದಿ ಹೋಗಿಲ್ಲ, ಸೇವೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಇದು ಅಪರೂಪದ ಪ್ರಸಂಗವೇನಲ್ಲ. ಮಹಾರಾಷ್ಟ್ರದ ನಮೂನೆಗಳು ಕೇಳುವುದು ಮೂರು ಭಾಗದ ಹೆಸರು: ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಬೆಳಗಾವಿ, ಧಾರವಾಡ ಕಡೆಯಿಂದ ಬಂದ ಪಾಟೀಲರಿಗೂ ಕುಲಕರ್ಣಿಯವರಿಗೂ ಇದು ಸರಿಹೊಂದುತ್ತದೆ. ಉಡುಪಿ, ಮಂಗಳೂರಿನ ಶೆಟ್ಟರು, ಪೂಜಾರಿಗಳು, ರಾವ್‌ಗಳೂ ಹೇಗೋ ಹೊಂದಿಸಿಕೊಂಡಾರು. ಹಳೆ ಮೈಸೂರಿನ ಕಡೆಯವರದು ಬೇರೆ ಲೆಕ್ಕ. ಅಲ್ಲಿ ಹೆಸರಿನ ಮುಂದೆ ಒಂದೆರಡು ಇನಿಷಿಯಲ್ ಇರುತ್ತದೆ: ಊರಿನದು, ತಂದೆಯದು. ಅಡ್ಡಹೆಸರು ಎಂಬುದು ಮರೆತುಹೋದದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ. ಅದು ಇಲ್ಲವೇ ಇಲ್ಲ.

ಕನ್ನಡದ ನಾಲ್ಕು ‘ಇಲ್ಲ’ಗಳು

ಇಲ್ಲಿ ಕನ್ನಡ ಮಾತಾಡುವವರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಒಂದೇ ಮಾತಿನಲ್ಲಿ ಮುಗಿಸಿಬಿಡುವ ನಿರಾಕರಣೆಯನ್ನು ಕನ್ನಡ ಬಿಡಿಸಿ ಬಿಡಿಸಿ ಹೇಳುತ್ತದೆ. ಇಲ್ಲ, ಅಲ್ಲ, ಬೇಡ, ಗೊತ್ತಿಲ್ಲ. ಅಡ್ಡಹೆಸರು ‘ಇಲ್ಲ’. ಕಳೆದ ವರ್ಷ ಕೊಟ್ಟ ವಿಳಾಸ ಈಗ ನನ್ನದು ‘ಅಲ್ಲ’. ಪ್ರಸಾದವನ್ನು ಅಂಚೆಯಲ್ಲಿ ಕಳಿಸುವುದು ‘ಬೇಡ’. ನಕ್ಷತ್ರ ‘ಗೊತ್ತಿಲ್ಲ’. ನಾಲ್ಕೂ ಬೇರೆ ಬೇರೆ ಉತ್ತರ. ನಾಲ್ಕಕ್ಕೂ ಸಂಸ್ಥೆ ಮಾಡಬೇಕಾದ ಕೆಲಸವೂ ಬೇರೆ. ಮೊದಲನೆಯದಕ್ಕೆ ಏನೂ ಮಾಡಬೇಕಿಲ್ಲ. ಎರಡನೆಯದಕ್ಕೆ ಹಳೆಯ ವಿಳಾಸ ಅಳಿಸಬೇಕು. ಮೂರನೆಯದಕ್ಕೆ ಅಂಚೆ ಖರ್ಚು ಉಳಿಸಬೇಕು. ನಾಲ್ಕನೆಯದನ್ನು ಮುಂದೊಮ್ಮೆ ಕೇಳಿ ತುಂಬಿಸಿಕೊಳ್ಳಬಹುದು. ಇವುಗಳ ಜೊತೆ ಐದನೆಯದೊಂದಿದೆ: ಪ್ರಶ್ನೆಯನ್ನೇ ಕೇಳಿರಲಿಲ್ಲ.

ಜೇಸನ್ನಿನಲ್ಲಿ ಇವೆಲ್ಲ ಬಂದು ಸೇರುವುದು ಮೂರು ರೂಪಗಳಿಗೆ. ಒಂದು, ಆ ಜಾಗದ ಹೆಸರೇ ಸಂದೇಶದಲ್ಲಿ ಇಲ್ಲದಿರುವುದು. ಎರಡು, ಹೆಸರಿದ್ದು ಅದರ ಮುಂದೆ ‘ನಲ್’ ಎಂದಿರುವುದು. ಮೂರು, ಹೆಸರಿದ್ದು ಅದರ ಮುಂದೆ ಖಾಲಿ ಪದ ಅಥವಾ ಸೊನ್ನೆ ಇರುವುದು. ಕಳಿಸುವವರು ಯಾವ ಅರ್ಥಕ್ಕೆ ಯಾವ ರೂಪ ಬಳಸುತ್ತಾರೆ ಎಂಬುದಕ್ಕೆ ಲೋಕಕ್ಕೆಲ್ಲ ಒಂದು ನಿಯಮವಿಲ್ಲ. ಕೆಲವೆಡೆ ಮಾತ್ರ ಖಚಿತ ಒಪ್ಪಂದವಿದೆ. ದಾಖಲೆಯೊಂದನ್ನು ತಿದ್ದುವ ಸಂದೇಶಗಳಿಗಾಗಿ 2014ರಲ್ಲಿ ಬಂದ ಆರ್‌ಎಫ್‌ಸಿ 7396 ಎಂಬ ಮಾನಕದಲ್ಲಿ ಜಾಗದ ಹೆಸರು ಇಲ್ಲದಿದ್ದರೆ ‘ಇದ್ದದ್ದು ಇದ್ದಂತೆ ಇರಲಿ’ ಎಂದರ್ಥ. ‘ನಲ್’ ಇದ್ದರೆ ‘ಅಳಿಸಿಹಾಕು’ ಎಂದರ್ಥ. ಇವೆರಡನ್ನೂ ಒಂದೇ ಎಂದು ಓದಿಕೊಳ್ಳುವ ಪ್ರೋಗ್ರಾಂ, ಫೋನ್ ನಂಬರ್ ಬದಲಿಸಲು ಬಂದ ಸದಸ್ಯರ ವಿಳಾಸ, ಇಮೇಲ್, ಮನೆಮಂದಿಯ ವಿವರಗಳನ್ನೆಲ್ಲ ಒಂದೇ ಏಟಿಗೆ ಒರೆಸಿಹಾಕುತ್ತದೆ. ಅವರು ಹೇಳಿದ್ದು ಒಂದೇ ಮಾತು, ಸುಮ್ಮನಿದ್ದದ್ದು ಉಳಿದ ವಿಷಯಗಳಲ್ಲಿ. ಆ ಸುಮ್ಮನಿರುವಿಕೆಯನ್ನು ಸರ್ವರ್ ಅಪ್ಪಣೆ ಎಂದು ತಿಳಿಯಿತು.

ಸೊನ್ನೆಯ ಪಾಡೂ ಹೀಗೆಯೇ. ಜಾವಾಸ್ಕ್ರಿಪ್ಟಿನಲ್ಲಿ ‘ಇದು ಇಲ್ಲದಿದ್ದರೆ ಅದು’ ಎಂದು ಬರೆಯಲು ಬಹುಕಾಲ ಬಳಸುತ್ತಿದ್ದ ಚಿಹ್ನೆ ಸೊನ್ನೆಯನ್ನೂ ಖಾಲಿ ಪದವನ್ನೂ ‘ಇಲ್ಲ’ದ ಸಾಲಿಗೇ ಸೇರಿಸುತ್ತಿತ್ತು. ಊಟಕ್ಕೆ ಬರುವವರ ಸಂಖ್ಯೆ ಸೊನ್ನೆ ಎಂದು ಬರೆದವರ ಹೆಸರಿಗೆ ಡೀಫಾಲ್ಟಿನ ಎರಡು ಎಲೆ ಬೀಳುತ್ತಿತ್ತು. ಈ ತಪ್ಪು ಎಷ್ಟು ಸಾಮಾನ್ಯವಾಗಿತ್ತೆಂದರೆ 2020ರ ಆವೃತ್ತಿಯಲ್ಲಿ ಭಾಷೆಗೇ ಹೊಸ ಚಿಹ್ನೆಯೊಂದನ್ನು ಸೇರಿಸಬೇಕಾಯಿತು. ಅದು ನಿಜವಾಗಿ ಇಲ್ಲದ್ದನ್ನು ಮಾತ್ರ ಇಲ್ಲವೆಂದು ಎಣಿಸುತ್ತದೆ.

ಹಿರಿಯರಿಗೂ ಇದು ತಲೆನೋವಾಗಿಯೇ ಇತ್ತು. ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ‘ನಲ್’ ಸೇರಿಸಿದ್ದನ್ನು 2009ರಲ್ಲಿ ನೆನೆದು, ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದರು. ರಿಲೇಷನಲ್ ಡೇಟಾಬೇಸಿನ ಜನಕ ಎಡ್ಗರ್ ಕಾಡ್ 1990ರ ಪುಸ್ತಕದಲ್ಲಿ ಒಂದೇ ‘ನಲ್’ ಸಾಲದು, ಎರಡು ಬೇಕು ಎಂದು ವಾದಿಸಿದರು: ಇರಬೇಕಾಗಿದ್ದು ತಿಳಿದಿಲ್ಲದ್ದು ಒಂದು, ಆ ವ್ಯಕ್ತಿಗೆ ಅನ್ವಯಿಸದೇ ಇರುವುದು ಇನ್ನೊಂದು. ಅವರ ಮಾತನ್ನು ಡೇಟಾಬೇಸ್ ಕಂಪನಿಗಳು ಕೇಳಲಿಲ್ಲ. ಕನ್ನಡಕ್ಕೆ ಅನುವಾದಿಸಿದರೆ ಅವರು ಕೇಳಿದ್ದು ಇಷ್ಟೇ: ‘ಗೊತ್ತಿಲ್ಲ’ ಮತ್ತು ‘ಇಲ್ಲ’ ಬೇರೆ ಬೇರೆ ಮಾತುಗಳು.

ತುಂಬಿಸಿಕೊಂಡ ಸುಳ್ಳುಗಳು

ಖಾಲಿ ಜಾಗ ಕಂಡರೆ ತುಂಬಿಸಿಬಿಡುವ ಚಟ ಕಂಪ್ಯೂಟರಿನಿಂದ ಬಂದದ್ದಲ್ಲ. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದು ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ತಾರೀಖು ನೆನಪಿರಲಿಲ್ಲ, ಶಾಲೆ ಶುರುವಾಗುವುದು ಜೂನಿನಲ್ಲಿ, ಮೇಷ್ಟರು ಒಂದು ತಾರೀಖು ಬರೆದರು. ಅಂದು ಅದು ಉಪಕಾರ. ಮುಂದೆ ಅದೇ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಆಧಾರಿಗೆ, ಪಾಸ್‌ಪೋರ್ಟಿಗೆ, ನಿವೃತ್ತಿಯ ಆದೇಶಕ್ಕೆ ಹರಿಯಿತು. ಅದು ಊಹೆ ಎಂಬ ಟಿಪ್ಪಣಿ ಮಾತ್ರ ಎಲ್ಲೂ ಜೊತೆಗೆ ಹೋಗಲಿಲ್ಲ.

ಡೀಫಾಲ್ಟಿನ ಅಪಾಯ ಇರುವುದು ಇಲ್ಲಿಯೇ. ಅದು ಬಾಗಿಲಲ್ಲಿ ಊಹೆಯಾಗಿ ಒಳಬರುತ್ತದೆ. ನಡುಮನೆಗೆ ಬರುವಷ್ಟರಲ್ಲಿ ಸತ್ಯವಾಗಿರುತ್ತದೆ. ಇಂಟರ್‌ನೆಟ್ ವಿಳಾಸ ನೋಡಿ ಊರು ಹೇಳುವ ಅಮೆರಿಕದ ಮ್ಯಾಕ್ಸ್‌ಮೈಂಡ್ ಕಂಪನಿ, ‘ಅಮೆರಿಕದಲ್ಲಿ ಎಲ್ಲೋ ಇದೆ, ಎಲ್ಲೆಂದು ಗೊತ್ತಿಲ್ಲ’ ಎಂಬ ವಿಳಾಸಗಳಿಗೆಲ್ಲ ದೇಶದ ನಡುವಿನ ಒಂದು ಬಿಂದುವನ್ನು ಕೊಡುತ್ತಿತ್ತು. ಆ ಬಿಂದು ಕಾನ್ಸಾಸ್ ರಾಜ್ಯದ ಪಾಟ್ವಿನ್ ಬಳಿಯ ಒಂದು ತೋಟದ ಮನೆಯ ಮೇಲೆ ಬಿದ್ದಿತ್ತು. ಅರವತ್ತು ಕೋಟಿಗೂ ಹೆಚ್ಚು ವಿಳಾಸಗಳು ಆ ಒಂದು ಮನೆಗೆ ಗಂಟುಬಿದ್ದಿದ್ದವು. ಕಳುವಾದ ಫೋನ್ ಹುಡುಕಿಕೊಂಡು, ಮೋಸಗಾರರನ್ನು ಹುಡುಕಿಕೊಂಡು ಪೊಲೀಸರೂ ಸಾಮಾನ್ಯರೂ ವರ್ಷಗಟ್ಟಲೆ ಆ ಮನೆಯ ಬಾಗಿಲಿಗೆ ಬಂದರು. 2016ರಲ್ಲಿ ಪತ್ರಕರ್ತೆ ಕಾಶ್ಮೀರ್ ಹಿಲ್ ಇದನ್ನು ಬರೆದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು. ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಜಾಗವಿಲ್ಲದ ವ್ಯವಸ್ಥೆ ಒಂದು ಕುಟುಂಬವನ್ನು ಅಪರಾಧಿಗಳ ವಿಳಾಸವನ್ನಾಗಿ ಮಾಡಿತ್ತು.

ಉಲ್ಟಾ ಪ್ರಸಂಗವೂ ಉಂಟು. ಕ್ಯಾಲಿಫೋರ್ನಿಯಾದ ಭದ್ರತಾ ತಜ್ಞ ಜೋಸೆಫ್ ಟಾರ್ಟಾರೊ ತಮಾಷೆಗೆಂದು ಕಾರಿಗೆ ‘ನಲ್’ ಎಂಬ ನಂಬರ್ ಪ್ಲೇಟ್ ಹಾಕಿಸಿಕೊಂಡರು. ನಂಬರ್ ದಾಖಲಾಗದ ಕಾರುಗಳ ದಂಡಗಳೆಲ್ಲ ಅವರ ಮನೆಗೆ ಬರತೊಡಗಿದವು. ಒಟ್ಟು 12,000 ಡಾಲರಿಗೂ ಹೆಚ್ಚು. 2019ರ ಡೆಫ್‌ಕಾನ್ ಸಮಾವೇಶದಲ್ಲಿ ಅವರೇ ಇದನ್ನು ಹೇಳಿ ನಗಿಸಿದರು. ಅಡ್ಡಹೆಸರಿಲ್ಲದ ಭಾರತೀಯರಿಗೆ ನಗು ಅಷ್ಟು ಸುಲಭವಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಬರುತ್ತದೆ: ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ. ಮುಂದೆ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಅದೇ ಅವರ ಹೆಸರಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ಇಲ್ಲ ಎಂದಿತು; ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು.

ಚೆಂಬೂರಿನ ಕಲ್ಪಿತ ಸಂಸ್ಥೆಗೆ ಮರಳಿದರೆ, ಅಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಯುಪಿಐ ಪಾವತಿಯ ಸಂದೇಶದಲ್ಲಿ ಕೊಟ್ಟವರ ಹೆಸರು ಇರಲೇಬೇಕೆಂದಿಲ್ಲ. ಯುಪಿಐ ವಿಳಾಸ ಇರುತ್ತದೆ. ಪ್ರೋಗ್ರಾಮರ್ ಚುರುಕಿನವರಾದರೆ ಆ ವಿಳಾಸದ ಮುಂಭಾಗವನ್ನೇ ಹೆಸರೆಂದು ಹಾಕಿಬಿಡುತ್ತಾರೆ. ರಸೀದಿ ಒಂದು ಮೊಬೈಲ್ ನಂಬರಿನ ಹೆಸರಿಗೆ ಹೋಗುತ್ತದೆ. ಫೋನ್ ಮಗನದಾದರೆ ಅಜ್ಜಿ ಕೊಟ್ಟ ದೇಣಿಗೆ ಮಗನ ಹೆಸರಿಗೆ. ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ, ಕೊಟ್ಟವರ ಹೆಸರು ಮತ್ತು ವಿಳಾಸದ ದಾಖಲೆ ಇಲ್ಲದ ದೇಣಿಗೆ ಅನಾಮಧೇಯ ದೇಣಿಗೆ. ನಿಗದಿತ ಮಿತಿ ದಾಟಿದ ಭಾಗಕ್ಕೆ ಶೇ 30 ತೆರಿಗೆ. ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ವಿನಾಯಿತಿ ಇದೆ. ಶಾಲೆ ನಡೆಸುವ ಸಂಘಕ್ಕೆ ಇಲ್ಲ. ವಿಳಾಸದ ಜಾಗದಲ್ಲಿ ‘ಚೆಂಬೂರು’ ಎಂದು ಡೀಫಾಲ್ಟ್ ತುಂಬಿಸಿಟ್ಟ ಸಂಘ, ತನ್ನ ಬಳಿ ದಾಖಲೆ ಇದೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಿರುತ್ತದೆ. ಜಾಗ ಖಾಲಿ ಬಿಟ್ಟಿದ್ದರೆ ಯಾರನ್ನು ಕೇಳಬೇಕೆಂಬ ಪಟ್ಟಿಯಾದರೂ ಸಿಗುತ್ತಿತ್ತು.

ಹಿಂದೆ ಕಳಿಸುವುದೂ ಉತ್ತರವಲ್ಲ

ಇದನ್ನೆಲ್ಲ ನೋಡಿ ಬಿಗಿ ಸ್ವಭಾವದ ಪ್ರೋಗ್ರಾಮರುಗಳು ಹೇಳುವ ಪರಿಹಾರ ಒಂದೇ: ಎಲ್ಲವನ್ನೂ ಕಡ್ಡಾಯ ಮಾಡಿ, ಒಂದು ಜಾಗ ಖಾಲಿಯಿದ್ದರೂ ಸಂದೇಶವನ್ನು ತಿರಸ್ಕರಿಸಿ. ಈ ವಾದದ ಹಿಂದೆ ಕಾರಣವಿದೆ. ಇಂಟರ್‌ನೆಟ್ಟಿನ ಹಿರಿಯ ಜಾನ್ ಪೋಸ್ಟೆಲ್ 1980ರಲ್ಲಿ ಹಾಕಿಕೊಟ್ಟ ನೀತಿ, ಕಳಿಸುವಾಗ ಎಚ್ಚರ, ಸ್ವೀಕರಿಸುವಾಗ ಉದಾರ ಎಂಬುದು. ಆ ಔದಾರ್ಯವೇ ಕಾಲಾಂತರದಲ್ಲಿ ಕೊಳಕನ್ನು ಬೆಳೆಸುತ್ತದೆ, ತಪ್ಪು ಕಳಿಸುವವರು ಎಂದೂ ತಿದ್ದಿಕೊಳ್ಳುವುದಿಲ್ಲ ಎಂಬ ಟೀಕೆ ಬಲವಾಗಿಯೇ ಇದೆ. 2023ರಲ್ಲಿ ಬಂದ ಆರ್‌ಎಫ್‌ಸಿ 9413 ಅದನ್ನೇ ವಿಸ್ತಾರವಾಗಿ ಚರ್ಚಿಸುತ್ತದೆ.

ಆದರೆ ವೆಬ್‌ಹುಕ್ಕಿನ ಸಂದರ್ಭ ಬೇರೆ. ಅಲ್ಲಿ ಬಾಗಿಲು ತಟ್ಟುವವರು ಅರ್ಜಿದಾರರಲ್ಲ, ಸುದ್ದಿ ತಂದ ಆಳು. ಕೈಯಲ್ಲಿರುವ ಚೀಟಿಯಲ್ಲಿ ಅಡ್ಡಹೆಸರಿಲ್ಲ ಎಂದು ಆಳನ್ನು ಗದರಿ ಕಳಿಸಿದರೆ ಅವನು ಅಡ್ಡಹೆಸರು ತರುವುದಿಲ್ಲ. ಅದೇ ಚೀಟಿ ಹಿಡಿದು ಮತ್ತೆ ಬರುತ್ತಾನೆ. ಸ್ಟ್ರೈಪ್ ಕಂಪನಿ ಒಪ್ಪಿಗೆ ಸಿಗದ ಸಂದೇಶವನ್ನು ಮೂರು ದಿನಗಳವರೆಗೆ ಮತ್ತೆ ಮತ್ತೆ ಕಳಿಸುತ್ತದೆ. ಗಿಟ್‌ಹಬ್ ತಾನಾಗಿ ಮತ್ತೆ ಕಳಿಸುವುದೇ ಇಲ್ಲ. ಮೊದಲನೆಯದರಲ್ಲಿ ಅದೇ ಜಗಳ ಮೂರು ದಿನ ನಡೆಯುತ್ತದೆ, ಎರಡನೆಯದರಲ್ಲಿ ಸುದ್ದಿಯೇ ಕಳೆದುಹೋಗುತ್ತದೆ. ಸತತವಾಗಿ ಸೋಲುವ ವಿಳಾಸಕ್ಕೆ ಸಂದೇಶ ಕಳಿಸುವುದನ್ನೇ ನಿಲ್ಲಿಸಿಬಿಡುವ ಸೇವೆಗಳೂ ಇವೆ. ಆಗ ಅಡ್ಡಹೆಸರಿಲ್ಲದ ಒಬ್ಬರ ದೆಸೆಯಿಂದ, ಅಡ್ಡಹೆಸರಿದ್ದ ಎಲ್ಲರ ದೇಣಿಗೆಯ ಸುದ್ದಿಯೂ ನಿಲ್ಲುತ್ತದೆ. ಇಷ್ಟರಲ್ಲಿ ಹಣವಂತೂ ಬಂದಾಗಿದೆ. ಆಗಿಹೋದ ಸಂಗತಿಯನ್ನು ‘ನಮೂನೆ ಸರಿಯಿಲ್ಲ’ ಎಂದು ಅಲ್ಲಗಳೆಯಲು ಬರುವುದಿಲ್ಲ.

ಮೂರು ರಾಶಿ

ಹಾಗಾದರೆ ಸರಿಯಾದ ದಾರಿ ಯಾವುದು? ಬರುವ ಪ್ರತಿ ಜಾಗವನ್ನೂ ಮೂರು ರಾಶಿಗಳಲ್ಲಿ ಒಂದಕ್ಕೆ ಹಾಕುವುದು, ಮತ್ತು ಆ ಕೆಲಸವನ್ನು ಬಾಗಿಲಲ್ಲೇ, ಒಂದೇ ಕಡೆ, ಬರೆದಿಟ್ಟು ಮಾಡುವುದು.

ಮೊದಲ ರಾಶಿ, ಇಲ್ಲದಿದ್ದರೆ ಕೆಲಸವೇ ಆಗದಂಥವು. ಸುದ್ದಿಯ ಗುರುತಿನ ಸಂಖ್ಯೆ, ಯಾವ ಬಗೆಯ ಸುದ್ದಿ, ಎಷ್ಟು ಮೊತ್ತ, ಯಾವ ನಾಣ್ಯ. ಗುರುತಿನ ಸಂಖ್ಯೆ ಬೇಕು, ಏಕೆಂದರೆ ಒಂದೇ ಸುದ್ದಿ ಎರಡು ಸಲ ಬರಬಹುದು. ಅದಿಲ್ಲದಿದ್ದರೆ ಒಂದು ದೇಣಿಗೆಗೆ ಎರಡು ರಸೀದಿ ಹೋಗುತ್ತದೆ. ಈ ರಾಶಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಸಹಿ. ಸುದ್ದಿ ನಿಜವಾಗಿಯೂ ಪಾವತಿ ಕಂಪನಿಯಿಂದಲೇ ಬಂದಿದೆ ಎಂದು ತೋರಿಸಲು ಗುಟ್ಟಿನ ಕೀಲಿಯಿಂದ ಲೆಕ್ಕ ಹಾಕಿದ ಒಂದು ಸಹಿ ಜೊತೆಗೆ ಬರುತ್ತದೆ. ‘ಸಹಿ ಇದ್ದರೆ ಪರೀಕ್ಷಿಸು’ ಎಂದು ಬರೆದ ಪ್ರೋಗ್ರಾಂ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಕಳ್ಳರು ಸುಳ್ಳು ಸಹಿ ಹಾಕುವ ಕಷ್ಟ ಪಡುವುದಿಲ್ಲ, ಸಹಿಯನ್ನೇ ಬಿಟ್ಟು ಬರುತ್ತಾರೆ. ಇಲ್ಲಿ ಔದಾರ್ಯಕ್ಕೆ ಜಾಗವೇ ಇಲ್ಲ. ಇಲ್ಲದ ಸಹಿ ಎಂದರೆ ತಪ್ಪು ಸಹಿ.

ಎರಡನೇ ರಾಶಿ, ಈಗ ಇಲ್ಲದಿದ್ದರೂ ಕೆಲಸ ಸಾಗುತ್ತದೆ, ಆದರೆ ಮುಂದೆ ಬೇಕು. ಕೊಟ್ಟವರ ಹೆಸರು, ವಿಳಾಸ, ಪ್ಯಾನ್. ಇವಿಲ್ಲದೆ ಬಂದ ಸುದ್ದಿಯನ್ನು ಸ್ವೀಕರಿಸಬೇಕು, ಬಂದದ್ದನ್ನು ಬಂದಂತೆಯೇ ಒಂದು ಪ್ರತಿ ಇಟ್ಟುಕೊಳ್ಳಬೇಕು, ‘ಇದು ಬಾಕಿ’ ಎಂದು ಗುರುತು ಹಾಕಬೇಕು, ಮತ್ತು ಆ ಬಾಕಿಯನ್ನು ಒಬ್ಬ ಮನುಷ್ಯರ ಕಣ್ಣಿಗೆ ಬೀಳಿಸಬೇಕು. ಕೊನೆಯ ಹೆಜ್ಜೆಯನ್ನೇ ಎಲ್ಲರೂ ಬಿಡುತ್ತಾರೆ. ಯಾರೂ ನೋಡದ ದಾಖಲೆಯಲ್ಲಿ ಬಿದ್ದಿರುವ ಬಾಕಿ, ಬಾಕಿ ಅಲ್ಲ, ಕಳೆದುಹೋದದ್ದು. ಹಳೆಯ ಗುಮಾಸ್ತರು ರಸೀದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಸಂಜೆ ಫೋನ್ ಮಾಡಿ ಕೇಳುತ್ತಿದ್ದರು. ಆ ಪೆನ್ಸಿಲ್ ಗೆರೆಗೆ ಸಮನಾದದ್ದನ್ನು ಸಾಫ್ಟ್‌ವೇರಿನಲ್ಲಿ ಬೇಕೆಂದೇ ಕಟ್ಟಬೇಕಾಗುತ್ತದೆ.

ಮೂರನೇ ರಾಶಿ, ಇಲ್ಲದಿದ್ದರೂ ಚಿಂತೆಯಿಲ್ಲದವು. ಇಲ್ಲಿ ಮಾತ್ರ ಡೀಫಾಲ್ಟ್ ನಿರಪಾಯ, ಅದೂ ಒಂದು ಷರತ್ತಿನ ಮೇಲೆ: ಇದು ಅವರು ಹೇಳಿದ್ದಲ್ಲ, ತಾನು ತುಂಬಿದ್ದು ಎಂಬುದು ದಾಖಲೆಯಲ್ಲಿ ಉಳಿಯಬೇಕು. ಯಾವುದು ಯಾವ ರಾಶಿಗೆ ಎಂಬುದನ್ನು ಜಾಗದ ಹೆಸರು ನೋಡಿ ಹೇಳಲಾಗದು. ಪರಿಣಾಮ ನೋಡಿ ಹೇಳಬೇಕು. ಹೋಟೆಲಿಗೆ ಆ್ಯಪ್ ಮೂಲಕ ಬರುವ ಆರ್ಡರನ್ನು ನೋಡಿ. ಕಾಫಿಗೆ ಸಕ್ಕರೆಯ ಬಗ್ಗೆ ಏನೂ ಹೇಳದಿದ್ದರೆ ಎಂದಿನಂತೆ ಹಾಕಿದರೆ ನಡೆಯುತ್ತದೆ. ‘ಬೇಡ’ ಎಂದವರಿಗೆ ಹಾಕಿದರೆ ನಡೆಯುವುದಿಲ್ಲ. ಮುಂಬಯಿಯ ಮೆನುಗಳಲ್ಲಿ ಸಾಮಾನ್ಯವಾದ ‘ಜೈನ್’ ಆಯ್ಕೆ ಖಾಲಿಯಿದ್ದರೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದು ರೂಢಿ. ಆದರೆ ಅಲರ್ಜಿಯ ಜಾಗ ಖಾಲಿಯಿದ್ದರೆ ಅಲರ್ಜಿ ಇಲ್ಲ ಎಂದರ್ಥವಲ್ಲ. ಯಾರೂ ಕೇಳಿಲ್ಲ ಎಂದಷ್ಟೇ ಅರ್ಥ.

ಮೌನ ಸಮ್ಮತಿಯಲ್ಲ

ಒಂದು ಜಾಗಕ್ಕಂತೂ ಎಂದಿಗೂ ಡೀಫಾಲ್ಟ್ ತುಂಬಿಸಕೂಡದು: ಒಪ್ಪಿಗೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆಯ ಮಾತುಕತೆಯಿಂದ ಹಿಡಿದು ಸಂಘದ ಸರ್ವಸದಸ್ಯರ ಸಭೆಯವರೆಗೆ ಎಲ್ಲೆಡೆ ಚಲಾವಣೆಯಲ್ಲಿದೆ. ಸಾಫ್ಟ್‌ವೇರಿನಲ್ಲಿ ಇದಕ್ಕಿಂತ ಕೆಟ್ಟ ನಿಯಮವಿಲ್ಲ. ವಾಟ್ಸಾಪಿನಲ್ಲಿ ಸಂದೇಶ ಕಳಿಸಲು ಒಪ್ಪಿಗೆ ಇದೆಯೇ, ಹೆಸರನ್ನು ಸ್ಮರಣ ಸಂಚಿಕೆಯಲ್ಲಿ ಹಾಕಬಹುದೇ, ವಿವರಗಳನ್ನು ಬೇರೆ ಸಂಸ್ಥೆಗೆ ಕೊಡಬಹುದೇ ಎಂಬ ಜಾಗಗಳು ಖಾಲಿ ಬಂದರೆ ಉತ್ತರ ‘ಇಲ್ಲ’ ಎಂದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಎಂದರೆ ವ್ಯಕ್ತಿ ತಾನೇ ಸ್ಪಷ್ಟವಾಗಿ ಮಾಡಿದ ಕ್ರಿಯೆಯಿಂದ ಬರಬೇಕು ಎನ್ನುತ್ತದೆ. ಕಳಿಸುವ ಕಂಪನಿ ತನ್ನ ನಮೂನೆ ಬದಲಿಸಿದಾಗ ಆ ಜಾಗದ ಹೆಸರೇ ಬದಲಾಗಿ, ಎಲ್ಲರ ಒಪ್ಪಿಗೆಯೂ ಒಂದು ರಾತ್ರಿ ‘ಇಲ್ಲದ್ದು’ ಆಗಬಹುದು. ಆಗ ಸಂದೇಶಗಳು ನಿಂತರೆ ಯಾರಾದರೂ ದೂರುತ್ತಾರೆ, ಸರಿಪಡಿಸಬಹುದು. ಕೇಳದವರಿಗೆ ಹೋಗಿಬಿಟ್ಟ ಸಂದೇಶವನ್ನು ವಾಪಸು ತರಲಾಗದು.

ಕಡ್ಡಾಯ, ಐಚ್ಛಿಕ ಎಂಬುದೂ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ಮಹಾರಾಷ್ಟ್ರವೇ ಸಾಕ್ಷಿ. 2024ರ ಮಾರ್ಚಿನಲ್ಲಿ ರಾಜ್ಯ ಸಂಪುಟ ಒಂದು ನಿರ್ಧಾರ ಮಾಡಿತು: ಆ ವರ್ಷದ ಮೇ 1ರಂದು ಅಥವಾ ಅನಂತರ ಹುಟ್ಟಿದವರ ಹೆಸರನ್ನು ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕು. ಅನಾಥ ಮಕ್ಕಳಿಗೆ ವಿನಾಯಿತಿ. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು ಒಳ್ಳೆಯದೇ. ಸಾಫ್ಟ್‌ವೇರ್ ಬರೆಯುವವರು ಈ ಒಂದು ನಿರ್ಧಾರದಿಂದ ಕಲಿಯಬೇಕಾದದ್ದು ಎರಡು. ಏಪ್ರಿಲ್ 30ರಂದು ಹುಟ್ಟಿದ ಮಗುವಿನ ದಾಖಲೆಯಲ್ಲಿ ಆ ಜಾಗ ಖಾಲಿಯಿದ್ದರೆ ಅದು ತಪ್ಪಲ್ಲ, ಹಳೆಯ ನಿಯಮ. ಮೇ 2ರ ಮಗುವಿನದು ಖಾಲಿಯಿದ್ದರೆ ಅದು ವಿನಾಯಿತಿಯೂ ಇರಬಹುದು, ಬಾಕಿಯೂ ಇರಬಹುದು; ಕೇಳಿ ತಿಳಿಯಬೇಕು. ‘ತಾಯಿಯ ಹೆಸರು ಕಡ್ಡಾಯ’ ಎಂದು ಒಂದು ಸಾಲು ಬರೆದು ಮುಗಿಸಿದರೆ ಕಾನೂನು ಕೊಟ್ಟ ವಿನಾಯಿತಿಯನ್ನು ಪ್ರೋಗ್ರಾಂ ಕಿತ್ತುಕೊಂಡಂತೆ. ಪಾಸ್‌ಪೋರ್ಟ್ ಇಲಾಖೆ ಇದನ್ನು ಮೊದಲೇ ಕಲಿತಿತ್ತು. 2016ರ ಡಿಸೆಂಬರಿನ ಬದಲಾವಣೆಯಲ್ಲಿ ತಂದೆತಾಯಿಯರಲ್ಲಿ ಒಬ್ಬರ ಹೆಸರಿದ್ದರೆ ಸಾಕು ಎಂದಿತು. ಒಂಟಿ ತಾಯಂದಿರು ಅಲ್ಲಿಯವರೆಗೆ ಎಷ್ಟು ಕಿಟಕಿಗಳ ಮುಂದೆ ನಿಂತು ಆ ಖಾಲಿ ಜಾಗವನ್ನು ವಿವರಿಸಬೇಕಾಗಿತ್ತೋ.

ಇದೆಲ್ಲ ಸಣ್ಣ ಸಂಸ್ಥೆಗೆ ಹೊರೆ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಸಾಫ್ಟ್‌ವೇರ್ ಬರೆದುಕೊಡುವ ಸದಸ್ಯರೊಬ್ಬರಿಂದ ಇಷ್ಟೊಂದು ನಿರೀಕ್ಷಿಸುವುದು ಹೆಚ್ಚೇ. ಆದರೆ ಮೂರು ರಾಶಿ ಮಾಡುವುದು ಪ್ರೋಗ್ರಾಮರ್ ಕೆಲಸವೇ ಅಲ್ಲ. ಯಾವುದಿಲ್ಲದೆ ನಡೆಯುತ್ತದೆ, ಯಾವುದನ್ನು ಆಮೇಲೆ ಕೇಳಬೇಕು, ಯಾವುದನ್ನು ಕೇಳಲೇಬಾರದು ಎಂಬುದು ಸಂಸ್ಥೆಯ ಕಾರ್ಯದರ್ಶಿಗೆ, ಲೆಕ್ಕಿಗರಿಗೆ, ಕೌಂಟರಿನಲ್ಲಿ ಕೂರುವವರಿಗೆ ಗೊತ್ತಿರುತ್ತದೆ. ಒಂದು ಸಂಜೆ ಒಟ್ಟಿಗೆ ಕುಳಿತರೆ ಒಂದು ಹಾಳೆಯಲ್ಲಿ ಮುಗಿಯುವ ಪಟ್ಟಿ. ಅದನ್ನು ಬರೆಯದೇ ಬಿಟ್ಟಾಗ ತೀರ್ಮಾನಗಳು ಆಗದೇ ಉಳಿಯುವುದಿಲ್ಲ. ಪ್ರೋಗ್ರಾಮರ್ ರಾತ್ರಿ ಹನ್ನೊಂದಕ್ಕೆ ಒಬ್ಬರೇ ಅವನ್ನು ಮಾಡಿಬಿಡುತ್ತಾರೆ, ಮತ್ತು ಮಾಡಿದ್ದು ಅವರಿಗೂ ಗೊತ್ತಿರುವುದಿಲ್ಲ.

ಕಾಶ್ಯಪ ಗೋತ್ರದ ಏರ್ಪಾಟು ತಲೆಮಾರುಗಳಿಂದ ನಡೆದುಬಂದಿರುವುದಕ್ಕೆ ಕಾರಣಗಳಿವೆ. ತುಂಬುತ್ತಿರುವುದು ಊಹೆ ಎಂದು ಪುರೋಹಿತರಿಗೂ ಗೊತ್ತು, ಕುಳಿತವರಿಗೂ ಗೊತ್ತು. ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟು ನಾಳೆ ಮದುವೆ ಮಾತುಕತೆಗೆ ಪುರಾವೆಯಾಗಿ ತರುವುದಿಲ್ಲ. ನಿಜವಾದ ಗೋತ್ರ ಯಾರಾದರೂ ನೆನಪಿಸಿದರೆ ಅಲ್ಲೇ ತಿದ್ದಿ ಹೇಳುತ್ತಾರೆ. ಸರ್ವರ್ ತುಂಬುವ ಯಾವುದೇ ಡೀಫಾಲ್ಟಿಗೆ ಈ ಮೂರೂ ಇದ್ದರೆ ತಕರಾರಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಜಾಗವನ್ನು ಖಾಲಿ ಬಿಡುವುದೇ ಮೇಲು. ಖಾಲಿ ಜಾಗ ಕಂಡವರು ಒಂದು ದಿನ ಕೇಳಿಯಾರು. ತುಂಬಿದ ಜಾಗವನ್ನು ಯಾರೂ ಕೇಳುವುದಿಲ್ಲ.